ಸ್ಟೇಟಸ್ ಹಾಕಿದ್ದಕ್ಕೆ ಕೆಲಸ ಹೋಯಿತು, ನಿಯಮ ಎಲ್ಲಿತ್ತು?

ಸಂಪಾದಕರೇ,

ನಾನು ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವನು. ಹೋದ ವರ್ಷ ನಮ್ಮಲ್ಲಿ ನಡೆದದ್ದು ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಜೊತೆಗಿದ್ದ ಹುಡುಗಿಯ ಹುಟ್ಟುಹಬ್ಬ. ಮೇಜಿನ ಮೇಲೇ ಕೇಕ್ ಕತ್ತರಿಸಿದೆವು. ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದಳು. ಕೇಕಿನ ಪಕ್ಕ ಬೆಳೆಗಾರರೊಬ್ಬರ ಲೆಕ್ಕದ ಚೀಟಿ ಬಿದ್ದಿತ್ತು, ನಾವ್ಯಾರೂ ಗಮನಿಸಲಿಲ್ಲ. ಹೆಸರು, ಊರು, ರಾಶಿ, ಗೊರಬಲು ಅಂತ ಯಾವ ದರ್ಜೆಯ ಅಡಿಕೆ ಎಷ್ಟು ಚೀಲ, ಕೊನೆಗೆ ಕೈಗೆ ಬಂದ ದುಡ್ಡೆಷ್ಟು, ಸ್ವಲ್ಪ ದೊಡ್ಡದು ಮಾಡಿ ನೋಡಿದರೆ ಎಲ್ಲಾ ಕಾಣುತ್ತಿತ್ತು. ನಮ್ಮ ಮಲೆನಾಡಿನಲ್ಲಿ ಅಡಿಕೆ ದುಡ್ಡಿನ ಲೆಕ್ಕ ಅಣ್ಣತಮ್ಮಂದಿರಿಗೂ ಹೇಳುವುದಿಲ್ಲ, ಅಲ್ವಾ? ಸಂಜೆಯೊಳಗೆ ಅದು ಅವರ ಊರಿನ ಗ್ರೂಪಿಗೆ ಹೋಗಿತ್ತು. ಮರುದಿನ ಬಂದು ಬೈದರು. ಬೈದದ್ದು ನ್ಯಾಯವೇ. ಯಜಮಾನರು ಹುಡುಗಿಗೆ 'ನಾಳೆಯಿಂದ ಬರೋದು ಬೇಡಮ್ಮ' ಅಂದುಬಿಟ್ಟರು.

ತಪ್ಪು ಅವಳದ್ದು, ಇಲ್ಲ ಅನ್ನುವುದಿಲ್ಲ. ಆದರೆ ಗಿರಾಕಿಯ ಕಾಗದ ಫೋಟೋದಲ್ಲಿ ಬರಬಾರದು ಅಂತ ಅವಳಿಗೆ ಯಾರು ಹೇಳಿದ್ದರು? ಕೆಲಸಕ್ಕೆ ಸೇರಿದ ದಿನ ನನಗೂ ಯಾರೂ ಹೇಳಿರಲಿಲ್ಲ.

ಆಮೇಲೆ ಎಲ್ಲಾ ಉಲ್ಟಾ ಆಯಿತು. ಬೆಳಿಗ್ಗೆ ಫೋನು ತೆಗೆದಿಡಬೇಕು. ಅದು ಸರಿ, ಕೆಲಸದ ಹೊತ್ತು ಅವರದ್ದು. ಆದರೆ ಭಾನುವಾರ ನಾನು ಯಾವ ಪಕ್ಷದ ಪೋಸ್ಟಿಗೆ ಲೈಕ್ ಒತ್ತಿದೆ, ರಸ್ತೆ ಗುಂಡಿ ಬಗ್ಗೆ ಏನು ಬರೆದೆ ಅಂತ ಸೋಮವಾರ ಕೇಳುವುದು ಯಾವ ನ್ಯಾಯ? ನಮ್ಮನ್ನೇ ಸಾಲಾಗಿ ನಿಲ್ಲಿಸಿ ಅಂಗಡಿಯ ಪೇಜಿಗೆ ರೀಲ್ಸ್ ಮಾಡುವಾಗ ನಮ್ಮನ್ನು ಒಂದು ಮಾತೂ ಕೇಳುವುದಿಲ್ಲ.

ರಾಜ್ಯ ಸರ್ಕಾರಿ ನೌಕರರಿಗೆ 2021ರ ನಡತೆ ನಿಯಮಗಳಿವೆ, ತೆಗೆದು ಓದಬಹುದು. ದೊಡ್ಡ ಕಾರ್ಖಾನೆಗಳಲ್ಲಿ ಕೆಲಸದ ನಿಯಮಗಳನ್ನು ಕಾರ್ಮಿಕರಿಗೆ ಬರುವ ಭಾಷೆಯಲ್ಲೂ ಬರೆದು ಬಾಗಿಲ ಹತ್ತಿರ ಹಾಕಬೇಕು ಅಂತ 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯಿದೆಯೇ ಹೇಳಿತ್ತು. ಆನ್‌ಲೈನಿನಲ್ಲಿ ಬರೆದವರನ್ನು ಹಿಡಿಯಲು ಬಳಸುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದು ಮಾಡಿದ್ದಕ್ಕೂ ಒಂದು ಮುಖ್ಯ ಕಾರಣ, ಯಾವುದು ತಪ್ಪು ಅಂತ ಅದರಲ್ಲಿ ಸ್ಪಷ್ಟವಾಗಿ ಇರಲಿಲ್ಲ. ಅದು ಪೊಲೀಸ್ ಕೇಸಿನ ಮಾತು, ನಮ್ಮಂಥ ಹತ್ತು ಜನರ ಮಂಡಿಗೆ ಬರುವುದಿಲ್ಲ, ಗೊತ್ತು. ಆದರೆ ಇಂಥದ್ದು ತಪ್ಪು ಅಂತ ಮೊದಲೇ ಹೇಳದೆ ಶಿಕ್ಷೆ ಕೊಡಬಾರದು ಅನ್ನುವುದು ಎಲ್ಲರಿಗೂ ಒಂದೇ.

ಯಜಮಾನರಲ್ಲಿ ಕೇಳುವುದು ಇಷ್ಟೇ. ಕನ್ನಡದಲ್ಲಿ ಒಂದು ಹಾಳೆ ಬರೆದು ಗೋಡೆಗೆ ಅಂಟಿಸಿ. ಗಿರಾಕಿಯ ಹೆಸರು, ನಂಬರು, ಲೆಕ್ಕ ಫೋಟೋದಲ್ಲಿ ಬರಬಾರದು. ಅಂಗಡಿಯ ಹೆಸರಲ್ಲಿ ಮಾತಾಡಬಾರದು. ಮೊದಲ ಸಲ ತಪ್ಪಿದರೆ ಕರೆದು ಹೇಳಿ, ಎರಡನೇ ಸಲ ಬರೆದು ಕೊಡಿ, ಕೆಲಸದಿಂದ ತೆಗೆಯುವ ಮುಂಚೆ ಅವರ ಮಾತು ಕೇಳಿ. ಮನೆಗೆ ಹೋದ ಮೇಲಿನ ಸ್ಟೇಟಸ್ ನೋಡಲು ಬರಬೇಡಿ. ನಮ್ಮ ಫೋಟೋ ಹಾಕುವ ಮುಂಚೆ ನಮ್ಮನ್ನೂ ಕೇಳಿ.

ಆ ಹುಡುಗಿ ಈಗ ತೀರ್ಥಹಳ್ಳಿಯ ಬಟ್ಟೆ ಅಂಗಡಿಯಲ್ಲಿದ್ದಾಳೆ. ಮೊದಲ ದಿನವೇ, ಫೋಟೋ ಹಾಕಬಹುದಾ, ಏನು ಹಾಕಬಾರದು ಅಂತ ಕೇಳಿದಳಂತೆ. 'ಅಂಥದ್ದೇನೂ ಇಲ್ಲಮ್ಮ, ನೋಡ್ಕೊಂಡು ಹಾಕು' ಅಂದರಂತೆ.

— ಅಡಿಕೆ ಮಂಡಿಯ ಒಬ್ಬ ಗುಮಾಸ್ತ, ಶಿವಮೊಗ್ಗ