ವಿಷಯ: ಸಿಂಗಾಪುರದಲ್ಲಿದ್ದವನಿಗೆ ಹತ್ತಿರದ ಸ್ಟೋರಿಗೆ ಹೋಗಿ ಎಂದದ್ದರ ಬಗ್ಗೆ

ಗ್ರಾಹಕ ಸೇವೆಯ ಮುಖ್ಯಸ್ಥರಿಗೆ,

ನಾನು ಮುಂಬೈಯ ಮಾಟುಂಗಾದವನು. 14 ವರ್ಷದಿಂದ ನಿಮ್ಮ ಮೊಬೈಲ್ ಗ್ರಾಹಕ. ಮೇಲ್ ಇಂಗ್ಲಿಷಿನಲ್ಲಿ ಬರೆದೆ, ಫೋನಿನಲ್ಲಿ ಹಿಂದಿ ಮಾತಾಡಿದೆ, ಸ್ಟೋರಿನಲ್ಲಿ ಮರಾಠಿಯಲ್ಲಿ ಜಗಳ ಆಡಿದೆ. ಸಿಕ್ಕಿದ್ದು ಐದು ದೂರು ಸಂಖ್ಯೆ ಮಾತ್ರ. ಆದ್ದರಿಂದ ಈ ಸಲ ಕನ್ನಡ. ಓದುವವರನ್ನು ಹುಡುಕಿಕೊಳ್ಳುವುದು ನಿಮ್ಮ ಕೆಲಸ.

ಮಗಳ ಮನೆಗೆ ಸಿಂಗಾಪುರಕ್ಕೆ ಹೊರಟಿದ್ದೆ. 'ಇ-ಸಿಮ್ ಮಾಡಿಸಿಕೊಳ್ಳಿ, ಕಾರ್ಡು ಬೇಡ, ಸಿಮ್ ಫೋನಿನೊಳಗೇ ಇರುತ್ತದೆ, ಖಾಲಿ ಜಾಗಕ್ಕೆ ಅಲ್ಲಿನ ಸಿಮ್ ಹಾಕಬಹುದು, ಬ್ಯಾಂಕಿನ ಒಟಿಪಿ ಈ ನಂಬರಿಗೇ ಬರುತ್ತದೆ' ಎಂದವರು ನಿಮ್ಮ ಸ್ಟೋರಿನವರೇ. ಮಾಡಿಸಿದೆ. ಹತ್ತು ದಿನದ ರೋಮಿಂಗ್ ಪ್ಯಾಕಿಗೂ ದುಡ್ಡು ಕಟ್ಟಿದೆ. ಚಾಂಗಿ ಏರ್‌ಪೋರ್ಟಿನಲ್ಲಿ ಇಳಿದರೆ ನೆಟ್‌ವರ್ಕೇ ಇಲ್ಲ.

ಮನೆ ಮುಟ್ಟಿ ಅಳಿಯನ ಫೋನಿನಿಂದ ಕರೆ ಮಾಡಿದೆ. ಸ್ಪೀಕರ್ ಹಾಕಿದ್ದು ನನ್ನದೇ ತಪ್ಪು. ಬೀಗರು ಎದುರಿಗೇ ಕಾಫಿ ಕುಡಿಯುತ್ತಾ ಕೂತಿದ್ದರು. 22 ನಿಮಿಷ ನಿಮ್ಮ ಸಂಗೀತ ಕೇಳಿದೆವು. ಆಮೇಲೆ ಬಂದ ಹುಡುಗ, 'ಇ-ಸಿಮ್ ಡಿಲೀಟ್ ಮಾಡಿ ಮತ್ತೆ ಸ್ಕ್ಯಾನ್ ಮಾಡಿ ಸರ್' ಎಂದ. ಮಾಡಿದೆ. ಹಳೆಯ ಕ್ಯೂಆರ್ ಕೋಡ್ ಎರಡನೇ ಸಲ ನಡೆಯುವುದಿಲ್ಲ ಅಂತ ಅವನಿಗೆ ಆಮೇಲೆ ನೆನಪಾಯಿತು.

'ಹೊಸ ಕೋಡ್ ಕಳಿಸ್ತೀನಿ ಸರ್. ಮೊದಲು ಒಂದು ಮೆಸೇಜ್ ಬರುತ್ತೆ, ಅದಕ್ಕೆ 1 ಅಂತ ಉತ್ತರ ಕೊಡಿ.'

'ಯಾವ ನಂಬರಿಗಪ್ಪಾ?'

'ಇದೇ ನಂಬರಿಗೆ ಸರ್.'

'ಅದು ಸತ್ತಿದೆ ಅಂತಲೇ ಅಲ್ವಾ ನಾನು ಫೋನ್ ಮಾಡಿದ್ದು?'

'ಹೌದು ಸರ್. ಮೆಸೇಜ್ ಬಂತಾ ಸರ್?'

ಬರಲಿಲ್ಲ. 'ಹಾಗಾದ್ರೆ ಆಧಾರ್ ತಗೊಂಡು ಹತ್ತಿರದ ಸ್ಟೋರಿಗೆ ಹೋಗಿ.' ಸಿಂಗಾಪುರದಲ್ಲಿದ್ದೇನೆ ಎಂದೆ. 'ಪಿನ್‌ಕೋಡ್ ಹೇಳಿ ಸರ್' ಎಂದ. ಬೀಗರು ಲೋಟ ಎತ್ತಿಕೊಂಡು ಒಳಗೆ ಹೋದರು. ನಗಲಿಕ್ಕೇ ಹೋದರು ಅಂತ ನನಗೆ ಗೊತ್ತು.

ಮಾರನೇ ದಿನ ಮೃಗಾಲಯದ ಟಿಕೆಟ್ ನಾನೇ ತೆಗೆಸುತ್ತೇನೆ ಅಂದಿದ್ದೆ. ಕಾರ್ಡು ಒಟಿಪಿ ಕೇಳಿತು. 'ಇರಲಿ ಬಿಡಿ ರಾಯರೇ' ಎಂದು ಬೀಗರು ತಮ್ಮ ಕಾರ್ಡು ತೆಗೆದರು. ಹತ್ತು ದಿನವೂ ಅವರೇ ತೆಗೆದರು. ಮಗಳನ್ನು ಕೊಟ್ಟ ಮನೆಯಲ್ಲಿ ಕೈ ಕಟ್ಟಿ ಕೂರುವುದು ಹೇಗಿರುತ್ತದೆ ಅನ್ನುವುದಕ್ಕೆ ನಿಮ್ಮ ಫಾರಂನಲ್ಲಿ ಕಾಲಂ ಇರಲಿಕ್ಕಿಲ್ಲ.

ಪ್ಯಾಕಿನ ದುಡ್ಡು ವಾಪಸ್ ಕೊಡಿ. ದೂರವಾಣಿ ನಿಯಂತ್ರಕ ಟ್ರಾಯ್‌ನ 2012ರ ದೂರು ಪರಿಹಾರ ನಿಯಮ ನಿಮಗೆ ಗೊತ್ತೇ ಇದೆ. ನಿಮ್ಮದೇ ಮೇಲ್ಮನವಿ ಪ್ರಾಧಿಕಾರಕ್ಕೆ ಅರ್ಜಿ ಹಾಕಿದ್ದೇನೆ, ತೀರ್ಮಾನಕ್ಕೆ ಆ ನಿಯಮ ಕೊಟ್ಟ 39 ದಿನ ಎಣಿಸುತ್ತೇನೆ. ಗ್ರಾಹಕ ಸಹಾಯವಾಣಿ 1915ಕ್ಕೂ ಹೇಳುತ್ತೇನೆ.

ಇನ್ನೊಂದು ಲೆಕ್ಕ. ಊರಿಗೆ ಬಂದು ಹೊಸ ಸಿಮ್ ತೆಗೆದುಕೊಂಡದ್ದು ಮೊನ್ನೆ ಸೋಮವಾರ. ಸಿಮ್ ಬದಲಿಸಿದ ಮೇಲೆ 7 ದಿನ ಪೋರ್ಟ್ ಮಾಡುವಂತಿಲ್ಲ, ಅಂದರೆ ಅದೇ ನಂಬರ್ ಇಟ್ಟುಕೊಂಡು ಬೇರೆ ಕಂಪನಿಗೆ ಹೋಗುವಂತಿಲ್ಲ, ಸರಿ. ಅದು ಮುಗಿದ ಬೆಳಿಗ್ಗೆ, ಕಾಫಿಗೂ ಮೊದಲು, 1900ಕ್ಕೆ ಪೋರ್ಟ್ ಮೆಸೇಜ್ ಹೋಗುತ್ತದೆ. ಹೆಂಡತಿಯದು, ಮಗನದು, ಸೊಸೆಯದು ಇವತ್ತೇ ಹೋಗಿದೆ. ಫೈವ್ ಗಾರ್ಡನ್ಸ್‌ನಲ್ಲಿ ನನ್ನ ಜೊತೆ ವಾಕಿಂಗ್ ಬರುವ ಎಂಟು ಜನಕ್ಕೂ ಈ ಕಥೆ ಹೇಳಿದ್ದೇನೆ. ಅವರಲ್ಲಿ ಇಬ್ಬರು ಮುಂದಿನ ತಿಂಗಳು ದುಬೈಗೆ ಹೊರಟವರು.

ಇತಿ,
ಇನ್ನು ಕೆಲವೇ ದಿನ ನಿಮ್ಮ ಗ್ರಾಹಕ