7ನೇ ತರಗತಿಯ ಪೋಷಕರಿಗೆ: ರೀಚಾರ್ಜ್ ಲೆಕ್ಕದಲ್ಲಿ ಏಕಮಾನ ಏಕೆ ಮುಖ್ಯ

ಮಾನ್ಯ ಪೋಷಕರೇ,

ನಮಸ್ಕಾರ. ದಶಮಾಂಶದ ಪಾಠದ ಜೊತೆಗೆ ಈ ವಾರ ಮಕ್ಕಳಿಗೆ ಮೊಬೈಲ್ ರೀಚಾರ್ಜಿನ ಲೆಕ್ಕ ಕೊಟ್ಟಿದ್ದೇವೆ. ಅಂಕಿ ಸರಿಯಿದ್ದರೂ ಏಕಮಾನ ತಪ್ಪಿದ್ದರೆ ಅಂಕ ಕೊಡುತ್ತಿಲ್ಲ. ಇಷ್ಟು ಬಿಗಿ ಏಕೆಂದು ನೀವು ಕೇಳಬಹುದು.

ಇಂಟರ್‌ನೆಟ್ ವೇಗವನ್ನು ಕಂಪನಿಗಳು ಬಿಟ್‌ನಲ್ಲಿ ಹೇಳುತ್ತವೆ, ಫೈಲಿನ ಗಾತ್ರವನ್ನು ಫೋನು ಬೈಟ್‌ನಲ್ಲಿ ತೋರಿಸುತ್ತದೆ. 8 ಬಿಟ್ ಸೇರಿದರೆ 1 ಬೈಟ್. ಇಂಗ್ಲಿಷಿನಲ್ಲಿ ಬಿಟ್‌ಗೆ ಸಣ್ಣ ಬಿ, ಬೈಟ್‌ಗೆ ದೊಡ್ಡ ಬಿ. ಮಕ್ಕಳು ಎಡವುವುದು ಈ ಒಂದು ಅಕ್ಷರದಲ್ಲೇ. ಬಿಲ್ಲಿನಲ್ಲಿರುವ '100 ಎಂಬಿಪಿಎಸ್' ಎಂದರೆ ಸೆಕೆಂಡಿಗೆ 100 ಮೆಗಾಬಿಟ್. ಎಂಟರಿಂದ ಭಾಗಿಸಿ: 12.5 ಮೆಗಾಬೈಟ್. ಹಾಗಾಗಿ 500 ಎಂಬಿಯ ವಿಡಿಯೊ ಇಳಿಯಲು 5 ಸೆಕೆಂಡು ಸಾಲದು, ಕಡಿಮೆಯೆಂದರೂ 40 ಸೆಕೆಂಡು ಬೇಕು. ವೈಫೈ ಪೆಟ್ಟಿಗೆ ಇನ್ನೊಂದು ಕೋಣೆಯಲ್ಲಿದ್ದರೆ, ಮನೆಯಲ್ಲಿ ಇನ್ನಿಬ್ಬರು ಫೋನು ನೋಡುತ್ತಿದ್ದರೆ ಮತ್ತಷ್ಟು ಹೊತ್ತು.

ದಿನದ ಡೇಟಾ ಮುಗಿದ ಮೇಲೆ ಹಲವು ಪ್ಯಾಕ್‌ಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಅದು ಸೆಕೆಂಡಿಗೆ ಬರೀ 8 ಕಿಲೊಬೈಟ್. ರಾತ್ರಿ ಗ್ರೂಪಿಗೆ ಬಂದ 4 ಎಂಬಿಯ (4,000 ಕಿಲೊಬೈಟ್) ಪಿಡಿಎಫ್ ತೆರೆಯಲು ಆಗ 500 ಸೆಕೆಂಡು, ಅಂದರೆ 8 ನಿಮಿಷ 20 ಸೆಕೆಂಡು; ನಡುವೆ ನೆಟ್‌ವರ್ಕ್ ಕಡಿದರೆ ಕೆಲವೊಮ್ಮೆ ಮತ್ತೆ ಮೊದಲಿನಿಂದ. ಮಗು ಸಬೂಬು ಹೇಳುತ್ತಿದೆ ಎಂದು ದಯವಿಟ್ಟು ಗದರಬೇಡಿ. ಇನ್ನು ಮುಂದೆ ಅಭ್ಯಾಸದ ಹಾಳೆಗಳನ್ನು 400 ಕೆಬಿ ಮೀರದಂತೆ ಕಳಿಸುತ್ತೇವೆ. ಆ ವೇಗದಲ್ಲೂ 50 ಸೆಕೆಂಡಿಗೆ ಬರುತ್ತದೆ.

ಹಣದ ಲೆಕ್ಕದಲ್ಲಿ ತಪ್ಪು ಬೇರೆ ಬಗೆಯದು. ಕ್ಯಾಲ್ಕುಲೇಟರ್ ಕೊನೆಯ ಸೊನ್ನೆ ನುಂಗಿ 7.5 ಎಂದು ತೋರಿಸಿದರೆ ಮಕ್ಕಳು 'ಏಳು ರೂಪಾಯಿ ಐದು ಪೈಸೆ' ಎಂದು ಓದುತ್ತಾರೆ. ಅದು ಏಳೂವರೆ ರೂಪಾಯಿ. ರೂಪಾಯಿಗೆ 100 ಪೈಸೆ ಇರುವುದರಿಂದ ಬಿಂದುವಿನ ನಂತರ ಎರಡು ಅಂಕಿ ಬರೆಯಲೇಬೇಕು: ₹7.50. ಐದೇ ಪೈಸೆಯಾದರೆ ₹7.05. '₹0.50 ಪೈಸೆ' ಎಂದು ಬರೆಯುವುದೂ ತಪ್ಪು, ₹0.50 ಅಥವಾ 50 ಪೈಸೆ, ಎರಡರಲ್ಲಿ ಒಂದು ಸಾಕು. (ಅಜ್ಜ-ಅಜ್ಜಿ 'ಎಂಟಾಣೆ' ಎನ್ನುವುದೂ ಇದನ್ನೇ. 1957ರ ಏಪ್ರಿಲ್ 1ಕ್ಕೆ ಮೊದಲು ರೂಪಾಯಿಗೆ 16 ಆಣೆ, 64 ಪೈಸೆ ಇತ್ತು. ಅವರಿಂದಲೇ ಕೇಳಿಸಿ, ಮಕ್ಕಳಿಗೆ ಚೆನ್ನಾಗಿ ನೆನಪುಳಿಯುತ್ತದೆ.)

ಎರಡೂ ಕೂಡುವ ಲೆಕ್ಕ ಹೀಗಿರುತ್ತದೆ. ₹299ರ ಪ್ಯಾಕ್, 28 ದಿನ, ದಿನಕ್ಕೆ 1.5 ಜಿಬಿ. ಒಟ್ಟು 42 ಜಿಬಿ. 299 ಅನ್ನು 42ರಿಂದ ಭಾಗಿಸಿದರೆ ಜಿಬಿಗೆ ₹7.12. ₹799ಕ್ಕೆ 84 ದಿನವಾದರೆ 126 ಜಿಬಿ, ಜಿಬಿಗೆ ₹6.34. ಇಲ್ಲೊಂದು ಗುಂಡಿ ಇದೆ: 28 ದಿನವನ್ನು ತಿಂಗಳೆಂದು ಹಿಡಿದವರು ವರ್ಷಕ್ಕೆ 12 ರೀಚಾರ್ಜ್ ಎಂದು ₹3,588 ಬರೆಯುತ್ತಾರೆ. 365 ದಿನಕ್ಕೆ 12 ಸಾಲದು. 13 ಮಾಡಿದರೆ 364 ದಿನ, ₹3,887.

ಸೋಮವಾರ ನಿಮ್ಮ ಮನೆಯ ಪ್ಯಾಕಿನ ಮೊತ್ತ, ದಿನ, ಡೇಟಾ, ಈ ಮೂರನ್ನು ಮಾತ್ರ ಮಗುವಿನ ನೋಟ್‌ಬುಕ್ಕಿನಲ್ಲಿ ಬರೆದು ಕಳಿಸಿ. ಬಿಲ್ಲನ್ನೋ ಅದರ ಫೋಟೊವನ್ನೋ ಕಳಿಸಬೇಡಿ. ಅದರಲ್ಲಿ ನಿಮ್ಮ ಮೊಬೈಲ್ ನಂಬರ್ ಇರುತ್ತದೆ.

ಇಂತಿ,
ಮುಖ್ಯ ಶಿಕ್ಷಕರು