ರೊಮೇನಿಯಾದ ಸಿಬಿಯುದಿಂದ ಅಮ್ಮನಿಗೆ

ಅಮ್ಮನಿಗೆ ನಮಸ್ಕಾರ. ನಾನು ಕ್ಷೇಮ. ಅಪ್ಪಾಜಿಯ ಮಂಡಿನೋವು ಹೇಗಿದೆ?

ನಿನ್ನ ಕಾಗದ ಬಂತು. ವೀಣಕ್ಕನನ್ನು ಈ ಅಮಾವಾಸ್ಯೆ ಕಳೆಯುತ್ತಲೇ ಗಂಡನ ಮನೆಗೆ ಬಿಟ್ಟು ಬರಬೇಕು ಅಂತ ದೊಡ್ಡಪ್ಪ ಹಟ ಹಿಡಿದಿದ್ದಾರಲ್ಲ, ಅದೇ ತಲೆಯಲ್ಲಿ ಕೊರೆಯುತ್ತಿದೆ.

ಭಾನುವಾರ ಆಫೀಸಿನವರು ಬಿಯೆರ್ತಾನ್ ಅನ್ನೋ ಹಳ್ಳಿಗೆ ಕರೆದುಕೊಂಡು ಹೋಗಿದ್ದರು. ರೊಮೇನಿಯಾದಲ್ಲಿದ್ದರೂ ಜರ್ಮನರು ಕಟ್ಟಿದ ಊರು. ಹನ್ನೆರಡನೇ ಶತಮಾನದಲ್ಲಿ ಹಂಗೇರಿಯ ರಾಜ ಈ ಸೀಮೆಗೆ ಕರೆಸಿಕೊಂಡವರು, ಸ್ಯಾಕ್ಸನರು ಅಂತಾರೆ. ತುರ್ಕರ ಭಯಕ್ಕೆ ಚರ್ಚಿನ ಸುತ್ತ ಮೂರು ಸುತ್ತಿನ ಕೋಟೆ. ಒಳಗೆ 1515ರ ಒಂದು ಬಾಗಿಲಿದೆ. ಒಂದು ಕೀಲಿ ತಿರುಗಿಸಿದರೆ ಸುತ್ತಲೂ ಹತ್ತಾರು ಅಗುಳಿ ಒಟ್ಟಿಗೆ ಬೀಳುತ್ತವೆ. ನಮ್ಮ ಪುಟ್ಟಾಚಾರಿ ನೋಡಿದ್ದರೆ ಅಲ್ಲೇ ಕೂತುಬಿಡುತ್ತಿದ್ದ. ಹಂದಿಮಾಂಸ ತೂಗುಹಾಕಲಿಕ್ಕೆ ಅಂತಲೇ ಒಂದು ಗೋಪುರ ಬೇರೆ! ನಾನು ಮುಟ್ಟಿಲ್ಲ, ನಿನ್ನಾಣೆ. ಮಮಲಿಗ ಅಂತ ಮುಸುಕಿನ ಜೋಳದ ಮುದ್ದೆ ಸಿಗುತ್ತದೆ, ಮೊಸರು ಹಾಕಿಕೊಂಡು ಉಂಡೆ.

1945ರ ಜನವರಿಯಲ್ಲಿ ಈ ಜನರಲ್ಲಿ ದುಡಿಯುವ ವಯಸ್ಸಿನ ಗಂಡಸರು ಹೆಂಗಸರನ್ನು ಸೋವಿಯತ್ ಒಕ್ಕೂಟದ ಗಣಿಗಳಿಗೆ ಸಾಗಿಸಿದರಂತೆ. ಉಳಿದವರಲ್ಲಿ ಹೆಚ್ಚಿನವರು ಕಮ್ಯುನಿಸ್ಟ್ ಸರ್ಕಾರ ಬಿದ್ದ 1989ರ ಕ್ರಾಂತಿಯ ಆಸುಪಾಸಿನಲ್ಲಿ ಜರ್ಮನಿಗೆ ಹೊರಟುಹೋದರು. ಈಗ ಊರಲ್ಲಿ ಜರ್ಮನರು ಬೆರಳೆಣಿಕೆಯಷ್ಟು.

ನಿನಗೆ ಹೇಳಬೇಕಾದ್ದು ಇದಲ್ಲ. ಆ ಕೋಟೆಯಲ್ಲೊಂದು ಪುಟ್ಟ ಕೋಣೆಯಿದೆ. ಹೆಚ್ಚುಕಮ್ಮಿ ಮುನ್ನೂರು ವರ್ಷ ಈ ಊರಿನಲ್ಲಿ ಲೂಥರನ್ ಪಂಗಡದ ಕ್ರೈಸ್ತರ ಬಿಷಪ್ಪರ ಗದ್ದುಗೆ ಇತ್ತು. ಬಿಡುಗಡೆ ಕೇಳಿ ಬಂದ ಗಂಡಹೆಂಡಿರನ್ನು ವಾರಗಟ್ಟಲೆ ಅದರೊಳಗೆ ಕೂಡಿಹಾಕುತ್ತಿದ್ದರಂತೆ. ಒಂದೇ ಮಂಚ, ಒಂದೇ ತಟ್ಟೆ, ಇಬ್ಬರಿಗೂ ಸೇರಿ ಒಂದೇ ಚಮಚ. ಮುನ್ನೂರು ವರ್ಷದಲ್ಲಿ ಒಂದೇ ಒಂದು ವಿಚ್ಛೇದನ ಆಯಿತು ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಜೊತೆಗಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಹೊರಗೆ ಬಂದವರು ಮನಸ್ಸು ಕೂಡಿ ಬಂದರೋ, ಸಾಕಪ್ಪಾ ಸಾಕು ಅಂತ ಒಪ್ಪಿಕೊಂಡು ಬಂದರೋ, ಯಾರಿಗೆ ಗೊತ್ತು? ದೊಡ್ಡಪ್ಪನ ಕಿವಿಗೆ ಮಾತ್ರ ಇದು ಬೀಳದಿರಲಿ, ನಾಳೆಯೇ ಅಟ್ಟದ ಕೋಣೆ ಗುಡಿಸಿಸಿಯಾರು.

ಅಕ್ಕನನ್ನು ಅವಸರಪಡಿಸಬೇಡಿ. ಹೇಳದೆ ಕೇಳದೆ ಬಳೆ ಅಡವಿಟ್ಟವರು ಭಾವ. ಮೊದಲು ಅವರು ಬಿಡಿಸಿಕೊಂಡು ಬರಲಿ, ಆಮೇಲೆ ಮಾತು. ಅಲ್ಲಿಯವರೆಗೆ ಅವಳ ಖರ್ಚು ನನ್ನದು, ಈ ತಿಂಗಳಿಂದ ಬೇರೆಯಾಗಿ ಕಳಿಸುತ್ತೇನೆ. ನನಗೆ ಇಲ್ಲಿ ಏನೂ ಕಮ್ಮಿಯಿಲ್ಲ, ಚಳಿಯೂ ಅಷ್ಟಿಲ್ಲ, ಸ್ವೆಟರ್ ಎರಡೆರಡು ಹಾಕುತ್ತೇನೆ, ರಾತ್ರಿ ಬೇಗ ಮಲಗುತ್ತೇನೆ, ಕೆಮ್ಮು ಪೂರ್ತಿ ಹೋಗಿದೆ.

ಬಸ್ಸು ಬಂತು. ಅಕ್ಕನಿಗೆ ಫೋನ್ ಎತ್ತಲಿಕ್ಕೆ ಹೇಳು.

ನಿನ್ನ ಮಗ,
ಸುರೇಶ